ಮಗುವಿನ ಮಂಚದ ಸುತ್ತ ನಿಲ್ಲುವ ನಾವು: ವೈದ್ಯಕೀಯ ಶಿಕ್ಷಣದ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ವೈದ್ಯಕೀಯ ಶಿಕ್ಷಣ ನಿರ್ದೇಶನಾಲಯದ ನಿರ್ದೇಶಕರಿಗೆ, ಹಾಗೂ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ವೈದ್ಯಕೀಯ ಕಾಲೇಜುಗಳ ಮಕ್ಕಳ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಾನು ಮಂಗಳೂರಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಓದಿ, ಈಗ ಅಲ್ಲಿಯೇ ಹೌಸ್ ಸರ್ಜನ್, ಅಂದರೆ ಓದು ಮುಗಿದ ಮೇಲಿನ ತರಬೇತಿಯಲ್ಲಿರುವ ವೈದ್ಯೆ, ಆಗಿರುವವಳು. ಊರು ತೀರ್ಥಹಳ್ಳಿಯ ಕಡೆ. ಮಕ್ಕಳ ವಿಭಾಗದಲ್ಲಿ ನನ್ನ ಮೂರು ವಾರಗಳ ಪೋಸ್ಟಿಂಗ್ ಇತ್ತೀಚೆಗೆ ಮುಗಿಯಿತು. ಅದಕ್ಕೂ ಮೊದಲು ವಿದ್ಯಾರ್ಥಿನಿಯಾಗಿ ಮೂರು ಸಲ, ಒಟ್ಟು ಹತ್ತು ವಾರ, ಅದೇ ವಾರ್ಡಿನಲ್ಲಿ ಬೆಳಗಿನ ಹೊತ್ತು ನಿಂತಿದ್ದೇನೆ. ಈ ಹದಿಮೂರು ವಾರಗಳಲ್ಲಿ ಕಂಡದ್ದರಲ್ಲಿ ಕೆಲವನ್ನು ನಿಮ್ಮ ಮುಂದೆ ಇಡಬೇಕೆನಿಸಿ ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ದಕ್ಷಿಣ ಕನ್ನಡ ಒಂದರಲ್ಲೇ ಎಂಟು ವೈದ್ಯಕೀಯ ಕಾಲೇಜುಗಳಿವೆ. ಬೇರೆ ಕಾಲೇಜುಗಳಲ್ಲಿರುವ ನನ್ನ ಗೆಳತಿಯರು ಹೇಳುವುದು ನಾನು ಹೇಳುವುದಕ್ಕಿಂತ ಬಹಳ ಬೇರೆಯಾಗಿಲ್ಲವಾದ್ದರಿಂದ, ಒಂದು ಸಂಸ್ಥೆಯ ಮೇಲಿನ ದೂರಾಗಿ ಇದನ್ನು ಓದಬಾರದೆಂದು ಕೇಳಿಕೊಳ್ಳುತ್ತೇನೆ. ನಡೆದ ತಪ್ಪುಗಳಲ್ಲಿ ಒಂದು ನನ್ನದೇ.

ಮೊದಲು ಒಂದು ಮಗುವಿನ ವಿಷಯ. ನಾನು ಮೂರನೆಯ ವರ್ಷದಲ್ಲಿದ್ದಾಗ ಬಂಟ್ವಾಳ ತಾಲೂಕಿನಿಂದ ಬಂದ ನಾಲ್ಕು ವರ್ಷದ ಒಬ್ಬ ಹುಡುಗಿ ನಮ್ಮ ಯೂನಿಟ್‌ನಲ್ಲಿ ಅಡ್ಮಿಟ್ ಆಗಿದ್ದಳು. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಹುಟ್ಟಿನಿಂದಲೇ ತೂತು. ಅದರ ಮೇಲೆ ಕಫ, ಜ್ವರ. ಎದೆಯ ಎಡಬದಿಯಲ್ಲಿ, ಮೂರನೆಯ ಮತ್ತು ನಾಲ್ಕನೆಯ ಪಕ್ಕೆಲುಬುಗಳ ಸಂದಿಯಲ್ಲಿ ಸ್ಟೆತಸ್ಕೋಪ್ ಇಟ್ಟರೆ, ಹೃದಯದ ಒಂದೊಂದು ಬಡಿತದ ಜೊತೆಗೂ ಉದ್ದಕ್ಕೆ ಎಳೆದ ಗರಗಸದಂಥ ಸದ್ದು ಕೇಳುತ್ತಿತ್ತು; ಅಂಗೈ ಇಟ್ಟರೆ ಅದರ ನಡುಕವೂ ತಾಗುತ್ತಿತ್ತು. ಇಷ್ಟು ಸ್ಪಷ್ಟವಾಗಿ ಸಿಗುವ ಮಗುವನ್ನು ನಾವು 'ಒಳ್ಳೆ ಕೇಸು' ಎನ್ನುತ್ತೇವೆ. ನಮ್ಮ ಬ್ಯಾಚಿನಲ್ಲಿ ಹದಿನಾಲ್ಕು ಜನ. ಬೆಳಿಗ್ಗೆ ಹತ್ತಕ್ಕೆ ನಾವು ಕೇಳಿ ಮುಗಿಸಿದ ಮೇಲೆ, ಸುದ್ದಿ ತಿಳಿದು ಪಕ್ಕದ ಯೂನಿಟ್‌ನವರು ಬಂದರು, ಮಧ್ಯಾಹ್ನ ಪರೀಕ್ಷೆ ಹತ್ತಿರವಿದ್ದ ಹಿರಿಯ ವಿದ್ಯಾರ್ಥಿಗಳು ಬಂದರು. ಆ ದಿನ ಸಂಜೆಯವರೆಗೆ ಇಪ್ಪತ್ತಕ್ಕೂ ಹೆಚ್ಚು ಜನ ಅವಳ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟಿದ್ದರು.

ಮೂರನೆಯ ದಿನಕ್ಕೆ ಅವಳು ಅಳುವುದನ್ನು ಬಿಟ್ಟಿದ್ದಳು. ಬಾಗಿಲಲ್ಲಿ ಬಿಳಿ ಕೋಟು ಕಂಡರೆ ಸಾಕು, ಹಾಸಿಗೆಯ ಮೇಲೆ ಎದ್ದು ಕುಳಿತು, ಫ್ರಾಕನ್ನು ತಾನೇ ಗಲ್ಲದವರೆಗೆ ಎತ್ತಿ ಹಿಡಿದು, ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದಳು. ಯಾರೂ ಅವಳಿಗೆ ಹಾಗೆ ಮಾಡಲು ಹೇಳಿರಲಿಲ್ಲ. ನಮ್ಮಲ್ಲೊಬ್ಬರು ಅಂದಿನ ಕೇಸ್ ಪ್ರೆಸೆಂಟೇಷನ್‌ನಲ್ಲಿ 'ಮಗು ಚೆನ್ನಾಗಿ ಸಹಕರಿಸುತ್ತದೆ' ಎಂದು ಓದಿದರು, ಸರ್ ತಲೆದೂಗಿದರು, ನಾವೆಲ್ಲ ಹಾಗೆಯೇ ಬರೆದುಕೊಂಡೆವು. ಆ ವಾಕ್ಯ ನನ್ನ ಪುಸ್ತಕದಲ್ಲಿ ಈಗಲೂ ಇದೆ.

ಮುಟ್ಟದೆ ವೈದ್ಯರಾಗಲು ಬರುವುದಿಲ್ಲ ಎಂಬುದು ನನಗೂ ಗೊತ್ತು. ಆ ಸದ್ದನ್ನು ನಾನು ಮೊದಲು ಕೇಳಿದ್ದು ಅವಳ ಎದೆಯಲ್ಲೇ. ಹಾಗಾಗಿ ನಾಳೆ ಯಾವುದೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದೇ ಸದ್ದು ಕಿವಿಗೆ ಬಿದ್ದರೆ ಗುರುತು ಹಿಡಿದೇನು. ಆದರೆ ಹದಿನಾಲ್ಕು ಜನರಲ್ಲಿ ಹತ್ತು ಜನ ಅಂದು ಕೇಳಿದ್ದು ಹೃದಯವನ್ನಲ್ಲ, ಗಲಾಟೆಯನ್ನು. ಮಕ್ಕಳ ವೈದ್ಯಕೀಯದಲ್ಲಿ ಗುಂಪು ತಾನೇ ಪರೀಕ್ಷೆಯನ್ನು ಕೆಡಿಸುತ್ತದೆ. ಉಸಿರಾಟದ ಎಣಿಕೆಯನ್ನೇ ನೋಡಿ: ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಎರಡರಿಂದ ಹನ್ನೆರಡು ತಿಂಗಳಿನವರೆಗೆ 50, ಒಂದರಿಂದ ಐದು ವರ್ಷದವರೆಗೆ 40, ಇದನ್ನು ಮುಟ್ಟಿದರೆ ಅಥವಾ ದಾಟಿದರೆ ಅದು ವೇಗದ ಉಸಿರು ಎಂದು ನಮಗೆ ಬಾಯಿಪಾಠ ಮಾಡಿಸುತ್ತಾರೆ. ಮಗು ತಾಯಿಯ ಮಡಿಲಲ್ಲಿ ಶಾಂತವಾಗಿರುವಾಗ, ಅಂಗಿ ಸ್ವಲ್ಪ ಸರಿಸಿ, ಮುಟ್ಟದೆ, ಪೂರ್ತಿ ಒಂದು ನಿಮಿಷ ಎಣಿಸಬೇಕೆಂಬುದು ಅದೇ ಪಾಠದ ಮುಂದಿನ ಸಾಲು. ಹದಿನಾಲ್ಕು ಬಿಳಿ ಕೋಟುಗಳ ನಡುವೆ ಕಿರುಚುತ್ತಿರುವ ಮಗುವಿನ ಉಸಿರನ್ನು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ ನಾವು ಬರೆದ ಅಂಕಿಗಳಿಗೆ ಯಾವ ಬೆಲೆಯೂ ಇಲ್ಲ. ಇದು ಬರೆಸುವವರಿಗೂ ತಿಳಿದಿದೆ, ಬರೆಯುವವರಿಗೂ ತಿಳಿದಿದೆ.

ಆದ್ದರಿಂದ ನನ್ನ ಮೊದಲ ಕೋರಿಕೆ ಬಹಳ ಸಣ್ಣದು. ಮಕ್ಕಳ ವಾರ್ಡಿನ ಪ್ರತಿ ಕೇಸ್ ಶೀಟ್‌ನ ಮುಂಭಾಗದಲ್ಲಿ, ಔಷಧದ ಪಟ್ಟಿ ಇರುವಂತೆಯೇ, ಕಲಿಕೆಗಾಗಿ ಆ ಮಗುವನ್ನು ಅಂದು ಯಾರು ಎಷ್ಟು ಹೊತ್ತಿಗೆ ಪರೀಕ್ಷಿಸಿದರು ಎಂದು ಬರೆಯುವ ಒಂದು ಕೋಷ್ಟಕ ಇರಲಿ. ದಿನಕ್ಕೆ ಎಷ್ಟು ಜನ ಎಂಬ ಮಿತಿಯನ್ನು ಆಯಾ ವಿಭಾಗವೇ ಗೊತ್ತುಮಾಡಲಿ; ಆರು ಎಂದರೂ ನನಗೆ ಒಪ್ಪಿಗೆ. ಮಿತಿ ಮುಗಿದ ಮೇಲೆ ಬಂದವರನ್ನು ಹಿಂದಕ್ಕೆ ಕಳುಹಿಸುವ ಅಧಿಕಾರ ಆ ಪಾಳಿಯ ಸಿಸ್ಟರ್‌ಗೆ ಇರಲಿ, ಪ್ರೊಫೆಸರರನ್ನೂ ಸೇರಿಸಿ. ಹೃದಯದ ಸದ್ದನ್ನು ಧ್ವನಿಮುದ್ರಿಕೆಯಲ್ಲಿ ಹತ್ತಾರು ಸಲ ಕೇಳಿ ಕಿವಿ ಪಳಗಿಸಿಕೊಂಡವರಿಗೆ ಮಗುವಿನ ಬಳಿ ಒಂದು ನಿಮಿಷ ಸಾಕಾಗುತ್ತದೆ. ಹಾಗೆ ಪಳಗಿಸಿಕೊಳ್ಳದೆ ಬಂದವರಿಗೆ ಹತ್ತು ನಿಮಿಷವೂ ಸಾಲುವುದಿಲ್ಲ, ಅದರ ಬೆಲೆಯನ್ನು ಮಗು ತೆರುತ್ತದೆ.

ಎರಡನೆಯದು ಭಾಷೆ. ಇದರ ಬಗ್ಗೆ ತುಸು ದೀರ್ಘವಾಗಿಯೇ ಬರೆಯಬೇಕಾಗಿದೆ.

ಕರಾವಳಿಯ ಒಂದು ಮಕ್ಕಳ ವಾರ್ಡಿನಲ್ಲಿ ಒಂದು ಬೆಳಿಗ್ಗೆ ಕೇಳಿಸುವ ಮಾತುಗಳನ್ನು ನೆನೆಯಿರಿ. ವಿಟ್ಲ, ಮೂಡುಬಿದಿರೆ ಕಡೆಯವರ ತುಳು, ಉಳ್ಳಾಲದವರ ಬ್ಯಾರಿ, ಕೊಂಕಣಿ, ಕುಂದಾಪುರದ ಕನ್ನಡ, ಕಾಸರಗೋಡಿನಿಂದ ರೈಲು ಹತ್ತಿ ಬಂದವರ ಮಲಯಾಳಂ, ಕಟ್ಟಡದ ಕೆಲಸಕ್ಕೆಂದು ಬಾಗಲಕೋಟೆ, ಕೊಪ್ಪಳಗಳಿಂದ ಬಂದು ಇಲ್ಲೇ ನಿಂತವರ ಕನ್ನಡ, ಇನ್ನೂ ದೂರದಿಂದ ಬಂದವರ ಹಿಂದಿ. ಮಂಚದ ಈ ಕಡೆ ನಿಂತಿರುವ ನಮ್ಮಲ್ಲಿ ಅರ್ಧಕ್ಕರ್ಧ ಜನ ಹೊರ ರಾಜ್ಯದವರು. ಕನ್ನಡ ಬಲ್ಲ ನನ್ನಂಥವರು ಮೇಲು ಎಂದೇನೂ ಇಲ್ಲ: ಮೊದಲ ವಾರ ಒಬ್ಬ ತಾಯಿ 'ಹೊಟ್ಟಿ ಝಾಡಸಾಕತ್ತೈತ್ರಿ' ಎಂದಾಗ, ನನ್ನ ಮಲಯಾಳಿ ಗೆಳತಿ ಅರ್ಥಕ್ಕಾಗಿ ನನ್ನ ಮುಖ ನೋಡಿದಳು, ನಾನು ಸಿಸ್ಟರ್ ಮುಖ ನೋಡಿದೆ. ಭೇದಿಗೆ ಅಷ್ಟು ನೇರವಾದ ಮಾತು ಮಲೆನಾಡಿನ ನನ್ನ ಕಿವಿಗೆ ಬಿದ್ದಿರಲಿಲ್ಲ.

2019ರಲ್ಲಿ ಎಂ.ಬಿ.ಬಿ.ಎಸ್.ಗೆ ಹೊಸ ಪಠ್ಯಕ್ರಮ ಬಂದಾಗ, ಮೊದಲ ವರ್ಷದ ಆರಂಭದಲ್ಲಿ ಫೌಂಡೇಶನ್ ಕೋರ್ಸ್ ಎಂಬುದನ್ನು ಇಟ್ಟು, ಅದರಲ್ಲಿ ಭಾಷೆ ಮತ್ತು ಕಂಪ್ಯೂಟರ್ ಕೌಶಲ್ಯಗಳಿಗೆ ಒಟ್ಟು 40 ಗಂಟೆಗಳನ್ನು ತೆಗೆದಿಡಲಾಯಿತು. ಉದ್ದೇಶ ಒಳ್ಳೆಯದೇ. ನಮ್ಮ ಪಾಲಿಗೆ ಅದು ಬಂದದ್ದು ಅಕ್ಷರಮಾಲೆ ಮತ್ತು 'ನಿಮ್ಮ ಹೆಸರೇನು, ನಿಮ್ಮ ಊರು ಯಾವುದು' ಎಂಬ ಪಾಠವಾಗಿ. ಕನ್ನಡ ಬಲ್ಲವರಿಗೆ ಆ ತರಗತಿಯಿಂದ ವಿನಾಯಿತಿ ಇದ್ದುದರಿಂದ ನಾನು ಆ ಗಂಟೆಗಳನ್ನು ಕ್ಯಾಂಟೀನಿನಲ್ಲಿ ಬನ್ಸ್ ತಿನ್ನುತ್ತಾ ಕಳೆದೆ. ರೋಗಿಯನ್ನು ಕಣ್ಣಾರೆ ಕಾಣುವ ಮುಂಚೆಯೇ ಕಲಿಸಿದ ಆ ಮಾತುಗಳನ್ನು, ಎರಡನೆಯ ವರ್ಷದಲ್ಲಿ ಮಕ್ಕಳ ವಾರ್ಡಿಗೆ ಕಾಲಿಡುವ ಹೊತ್ತಿಗೆ ನನ್ನ ಗೆಳತಿಯರು ಮರೆತಿದ್ದರು. ತುಳುವಿನ ಹೆಸರನ್ನು ಅಲ್ಲಿ ಯಾರೂ ಎತ್ತಿರಲಿಲ್ಲ.

ಇನ್ನು ನನ್ನ ತಪ್ಪನ್ನು ಹೇಳುತ್ತೇನೆ. ಹೌಸ್ ಸರ್ಜನ್ ಆಗಿ ಎರಡನೆಯ ವಾರ. ಜಡಿಮಳೆಯ ದಿನಗಳು, ವಾರ್ಡಿನ ಕಿಟಕಿಯ ಸರಳುಗಳಿಗೆಲ್ಲ ಒದ್ದೆ ಕೊಡೆಗಳು. ಡೆಂಗಿ ಜ್ವರದ ಐದು ವರ್ಷದ ಹುಡುಗನೊಬ್ಬ ಅಡ್ಮಿಟ್ ಆಗಿದ್ದ. ಅವನ ತಾಯಿ ಮನೆಯಲ್ಲಿ ಬಾಣಂತಿ, ಜೊತೆಗಿದ್ದವರು ಅಜ್ಜಿ. ಜ್ವರ ಶುರುವಾಗಿ ಐದನೆಯ ದಿನ ಬೆಳಿಗ್ಗೆ ಹುಡುಗನ ಮೈ ತಣ್ಣಗಾಗಿತ್ತು. ರೌಂಡ್ಸ್‌ಗೆ ಮುಂಚೆ ಎಲ್ಲ ಮಕ್ಕಳ ವಿವರ ಬರೆದಿಡುವುದು ನನ್ನ ಕೆಲಸ. "ಜ್ವರ ಉಂಟಾ ಅಜ್ಜಿ?" ಎಂದು ಕೇಳಿದೆ. "ಜ್ವರ ಇಜ್ಜಿ" ಎಂದರು. ತುಳುವಿನಲ್ಲಿ 'ಇಜ್ಜಿ' ಎಂದರೆ ಇಲ್ಲ ಎಂಬುದು ಮಂಗಳೂರಿಗೆ ಬಂದ ವಾರದಲ್ಲಿ ಎಲ್ಲರಿಗೂ ತಿಳಿಯುತ್ತದೆ. ಅವರು ಮುಂದುವರಿಸಿ, "ಬಾಲೆ ದುಂಬು ಇತ್ತಿಲೆಕ ಇಜ್ಜಿ" ಎಂದರು. ನನಗೆ ಮತ್ತೊಂದು 'ಇಜ್ಜಿ' ಕೇಳಿಸಿತು. ಏನೋ ಇಲ್ಲ ಎನ್ನುತ್ತಿದ್ದಾರೆ, ಒಳ್ಳೆಯದೇ ಆಯಿತು ಎಂದುಕೊಂಡು, 'ಜ್ವರವಿಲ್ಲ, ಹೊಸ ತೊಂದರೆ ಏನೂ ಇಲ್ಲ' ಎಂದು ಬರೆದು ಮುಂದಿನ ಮಂಚಕ್ಕೆ ಹೋದೆ.

ಅಜ್ಜಿ ಹೇಳಿದ್ದು, ಮಗು ಮೊದಲು ಇದ್ದ ಹಾಗೆ ಇಲ್ಲ ಎಂದು. ಡೆಂಗಿಯಲ್ಲಿ ನಿಜವಾದ ಅಪಾಯ ಶುರುವಾಗುವುದು ಜ್ವರ ಇಳಿಯುವಾಗಲೇ; ಮೂರರಿಂದ ಏಳನೆಯ ದಿನದ ನಡುವೆ, ರಕ್ತನಾಳಗಳಿಂದ ನೀರಿನಂಶ ಸೋರತೊಡಗುವ ಆ ಒಂದೆರಡು ದಿನಗಳಲ್ಲಿ, ಮಗು ಮಂಕಾಗುವುದು, ಹೊಟ್ಟೆನೋವು, ಬಿಡದ ವಾಂತಿ, ಕೈಕಾಲು ತಣ್ಣಗಾಗುವುದು ಎಚ್ಚರಿಕೆಯ ಗುರುತುಗಳು. ಇದನ್ನೆಲ್ಲ ನಾನು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಅಂಕ ಗಳಿಸಿದ್ದೆ. ಊರಿಗೆಲ್ಲ ಗೊತ್ತಿರುವ ಡೆಂಗಿ ಎಂದರೆ ಪ್ಲೇಟ್‌ಲೆಟ್ ಎಷ್ಟು ಎಂಬುದೊಂದೇ. ಪಪ್ಪಾಯಿ ಎಲೆಯ ರಸ ಹಿಡಿದು ಬರುವ ನೆಂಟರೂ ಅದನ್ನೇ ಕೇಳುತ್ತಾರೆ, ನಾನೂ ಅಂದು ಬೆಳಿಗ್ಗೆ ಆ ಅಂಕಿಯನ್ನೇ ದೊಡ್ಡದಾಗಿ ಬರೆದಿದ್ದೆ. ಅಜ್ಜಿಗೆ ಪ್ಲೇಟ್‌ಲೆಟ್ ಗೊತ್ತಿರಲಿಲ್ಲ. ಮೊಮ್ಮಗ ಗೊತ್ತಿದ್ದ.

ಸುಮಾರು ಮುಕ್ಕಾಲು ಗಂಟೆಯ ನಂತರ ಟೆಂಪರೇಚರ್ ನೋಡಲು ಬಂದ ಸಿಸ್ಟರ್‌ಗೆ ಅಜ್ಜಿ ಅದೇ ಮಾತನ್ನು ಮತ್ತೆ ಹೇಳಿದರು. ಸಿಸ್ಟರ್ ಹುಡುಗನ ಪಾದ ಮುಟ್ಟಿ ನೋಡಿ, ಬಿ.ಪಿ. ಪಟ್ಟಿ ಸುತ್ತಿ, ಡ್ಯೂಟಿ ರೂಮಿಗೆ ಬಂದು ಪಿ.ಜಿ.ಯವರನ್ನು, ಅಂದರೆ ಸ್ನಾತಕೋತ್ತರ ಓದುತ್ತಿರುವ ವೈದ್ಯರನ್ನು, ಕರೆದರು. ಮೇಲಿನ ಒತ್ತಡ 90, ಕೆಳಗಿನದು 74. ನಡುವಿನ ಅಂತರ 20ಕ್ಕಿಂತ ಕಡಿಮೆಯಾದರೆ ರಕ್ತಸಂಚಾರ ಕುಸಿಯುತ್ತಿದೆ ಎಂದರ್ಥವೆಂದು ನಮ್ಮ ಪುಸ್ತಕಗಳಲ್ಲಿ ದಪ್ಪಕ್ಷರದಲ್ಲಿದೆ. ತೂಕಕ್ಕೆ ತಕ್ಕ ಲೆಕ್ಕದಲ್ಲಿ ಡ್ರಿಪ್ ಶುರುವಾಯಿತು. ಅಂದು ರಾತ್ರಿಯವರೆಗೆ ಗಂಟೆಗೊಮ್ಮೆ ನಾಡಿ, ಬಿ.ಪಿ., ಮೂತ್ರದ ಲೆಕ್ಕ ಬರೆಯುತ್ತ ನಾನು ಆ ಮಂಚದ ಬಳಿಯೇ ಇದ್ದೆ. ಅಜ್ಜಿ ತಮ್ಮ ಫ್ಲಾಸ್ಕಿನ ಚಹಾದಲ್ಲಿ ಅರ್ಧವನ್ನು ನನಗೆ ಕೊಟ್ಟರು. ಹುಡುಗ ನಾಲ್ಕು ದಿನಗಳ ನಂತರ ನಡೆದುಕೊಂಡೇ ಮನೆಗೆ ಹೋದ. ನನ್ನನ್ನು ಯಾರೂ ಬೈಯಲಿಲ್ಲ. ಕೇಸ್ ಶೀಟ್‌ನಲ್ಲಿ 'ಹೊಸ ತೊಂದರೆ ಏನೂ ಇಲ್ಲ' ಎಂಬ ನನ್ನ ಬರಹದ ಕೆಳಗೆ, ಒಂದು ಗಂಟೆಯೂ ದಾಟದ ಸಮಯ ನಮೂದಿಸಿ, ಪಿ.ಜಿ.ಯವರ ಬರಹ ಶುರುವಾಗುತ್ತದೆ.

ಇದನ್ನು ಓದಿ, ದುಭಾಷಿಗಳನ್ನು ನೇಮಿಸಿದರಾಯಿತು ಎಂದು ನಿಮಗೆ ತೋಚಬಹುದು. ನನ್ನ ಅಭಿಪ್ರಾಯ ಬೇರೆ. ದುಭಾಷಿಗಳು ಈಗಾಗಲೇ ವಾರ್ಡಿನಲ್ಲಿದ್ದಾರೆ, ಸಂಬಳದ ಪಟ್ಟಿಯಲ್ಲಿ ಆ ಹೆಸರಿನಲ್ಲಿ ಇಲ್ಲ ಅಷ್ಟೇ. ಮಕ್ಕಳ ವಾರ್ಡಿನ ಸಿಸ್ಟರ್‌ಗಳೂ ಸಹಾಯಕಿಯರಾದ 'ಆಯಾ' ಅಕ್ಕಂದಿರೂ ಪ್ರತಿದಿನ ನಮ್ಮ ಪರವಾಗಿ ಮೂರು ನಾಲ್ಕು ಭಾಷೆಗಳಲ್ಲಿ ಕೇಳಿ, ಹೇಳಿ, ಗದರಿಸಿ, ಸಮಾಧಾನ ಮಾಡುತ್ತಾರೆ. ಅವರ ಕೈಕೆಲಸದ ನಡುವೆ ನಾವು "ಸಿಸ್ಟರ್, ಒಂದು ನಿಮಿಷ" ಎಂದು ಎಳೆದೊಯ್ಯುತ್ತೇವೆ. ಅವರನ್ನೇ ಅಧ್ಯಾಪಕರನ್ನಾಗಿ ಮಾಡಿ ಎಂಬುದು ನನ್ನ ಎರಡನೆಯ ಕೋರಿಕೆ. ಮಕ್ಕಳ ವಿಭಾಗದ ಪ್ರತಿ ಪೋಸ್ಟಿಂಗ್‌ನ ಮೊದಲ ಎರಡು ದಿನ, ಅಕ್ಷರಮಾಲೆಯನ್ನು ಬಿಟ್ಟು, ಮಗು ಹಾಲು ಕುಡಿಯುತ್ತದೆಯೇ, ಎಷ್ಟು ಸಲ ಮೂತ್ರ ಮಾಡಿತು, ಉಸಿರೆಳೆಯುವಾಗ ಎದೆ ಒಳಕ್ಕೆ ಹೋಗುತ್ತದೆಯೇ, ಫಿಟ್ಸ್ ಬಂದಾಗ ಕಣ್ಣು ಎತ್ತ ತಿರುಗಿತ್ತು ಎಂಬಂಥ ಐವತ್ತು ಪ್ರಶ್ನೆಗಳನ್ನು, ಅದಕ್ಕಿಂತ ಮುಖ್ಯವಾಗಿ ಅವುಗಳಿಗೆ ತಾಯಂದಿರು ಕೊಡುವ ಉತ್ತರಗಳನ್ನು, ತುಳು, ಬ್ಯಾರಿ, ಕೊಂಕಣಿ ಮತ್ತು ಉತ್ತರ ಕರ್ನಾಟಕದ ಕನ್ನಡದಲ್ಲಿ ಅವರಿಂದಲೇ ಕಲಿಸಿ. ಆ ಗಂಟೆಗಳಿಗೆ ಅತಿಥಿ ಉಪನ್ಯಾಸಕರಿಗೆ ಕೊಡುವಂತೆ ಗೌರವಧನ ಕೊಡಿ. ಪೋಸ್ಟಿಂಗ್ ಮುಗಿಯುವಾಗ ನಡೆಯುವ ಪರೀಕ್ಷೆಯಲ್ಲಿ ಒಂದು ಭಾಗವನ್ನು ಸಿಸ್ಟರ್ ಮುಂದೆಯೇ ನಡೆಸಿ. ನಮ್ಮ ಬ್ಯಾಚಿನ ಚಿನ್ನದ ಪದಕದವರು ಅಲ್ಲಿ ತೇರ್ಗಡೆಯಾಗುವುದು ಅನುಮಾನ, ನಾನಂತೂ ಆಗುತ್ತಿರಲಿಲ್ಲ.

ಭಾಷೆ ಬಂದರೆ ಎಲ್ಲವೂ ಸರಿಹೋಗುತ್ತದೆಯೇ ಎಂದರೆ, ಇಲ್ಲ. ಮಾತು ತಿಳಿದಿದ್ದರೂ ಕಾಣದೆ ಹೋಗುವುದುಂಟು. ಆ 'ಝಾಡಸಾಕತ್ತೈತ್ರಿ' ತಾಯಿಯ ಹತ್ತು ತಿಂಗಳ ಕೂಸಿಗೆ ಓ.ಆರ್.ಎಸ್. ಬರೆದುಕೊಟ್ಟಿದ್ದರು; ಒಂದು ಪ್ಯಾಕೆಟ್ಟಿಗೆ ಒಂದು ಲೀಟರ್ ನೀರು ಎಂದು ಅಚ್ಚ ಕನ್ನಡದಲ್ಲಿ ಹೇಳಿಯೂ ಆಗಿತ್ತು. ಮಧ್ಯಾಹ್ನ ನಾನು ಹಾಯ್ದುಹೋಗುವಾಗ ಆಕೆ ಒಂದು ಸ್ಟೀಲ್ ಲೋಟದ ನೀರಿಗೆ ಇಡೀ ಪ್ಯಾಕೆಟ್ ಸುರಿದು ಬೆರಳಲ್ಲಿ ಕಲಕುತ್ತಿದ್ದಳು. ಆಕೆಯ ಬಳಿ ಇದ್ದದ್ದು ಆ ಲೋಟ ಒಂದೇ. ಅಷ್ಟು ಗಟ್ಟಿಯಾದ ದ್ರಾವಣ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಏರಿ, ಕೂಸಿನ ದಾಹ ಹೆಚ್ಚಿ, ಮಿದುಳಿಗೂ ಪೆಟ್ಟಾಗಬಹುದು. ಕ್ಯಾಂಟೀನಿನಿಂದ ಒಂದು ಲೀಟರಿನ ಖಾಲಿ ನೀರಿನ ಬಾಟಲಿ ತಂದುಕೊಟ್ಟು, ಕತ್ತಿನವರೆಗೆ ತುಂಬಿಸಿ, ಇಬ್ಬರೂ ಸೇರಿ ಕಲಕಿದೆವು. ಭೇದಿ ನಿಂತರೂ ಸತುವಿನ ಮಾತ್ರೆಯನ್ನು ಹದಿನಾಲ್ಕು ದಿನ ಕೊಡಲೇಬೇಕೆಂದು ಹೇಳುವಾಗ, ಮಾತ್ರೆಯನ್ನು ಎಲ್ಲಿಡುತ್ತೀರಿ ಎಂದೂ ಕೇಳಿದೆ. ಶೆಡ್ಡಿನಲ್ಲಿ ಬಾಗಿಲಿಲ್ಲ, ತಾಳಿಯ ಚೀಲದಲ್ಲಿ ಇಟ್ಟುಕೊಳ್ಳುತ್ತೇನೆ ಎಂದಳು.

1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರು ಬಂಗಾಳದ ಬನಗಾಂವ್‌ನಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ಸಲೈನ್ ಸಾಲದಾಗಿ, ಮಕ್ಕಳ ವೈದ್ಯ ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು, ಅಂದರೆ ಓ.ಆರ್.ಎಸ್. ದ್ರಾವಣವನ್ನು, ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು ಎಂಬುದನ್ನು ನಮಗೆ ಪಾಠದಲ್ಲಿ ಅರ್ಧ ನಿಮಿಷ ಹೇಳುತ್ತಾರೆ. ಆ ಅರ್ಧ ನಿಮಿಷದಲ್ಲಿ ನಾವು ದ್ರಾವಣದ ಲೆಕ್ಕವನ್ನು ಬರೆದುಕೊಳ್ಳುತ್ತೇವೆ, ಮನೆಯವರ ಕೈಯನ್ನು ಬಿಟ್ಟುಬಿಡುತ್ತೇವೆ.

ಮೂರನೆಯ ಕೋರಿಕೆ ಹೊಸದೇನೂ ಅಲ್ಲ, ನಿಮ್ಮ ನಿಯಮದಲ್ಲೇ ಇರುವುದು. ವಿದ್ಯಾರ್ಥಿಯೊಬ್ಬರು ಒಬ್ಬ ರೋಗಿಯನ್ನು ಅಡ್ಮಿಟ್ ಆದಲ್ಲಿಂದ ಡಿಸ್ಚಾರ್ಜ್‌ವರೆಗೆ ಹಿಂಬಾಲಿಸಿ ಕಲಿಯಬೇಕೆಂಬ 'ಲರ್ನರ್ ಡಾಕ್ಟರ್' ಪದ್ಧತಿ 2019ರ ಪಠ್ಯಕ್ರಮದಲ್ಲಿಯೇ ಇದೆ. ನಮ್ಮ ಲಾಗ್‌ಬುಕ್‌ನಲ್ಲಿ ಅದಕ್ಕೊಂದು ಪುಟವೂ ಇದೆ. ಆ ಪುಟಗಳನ್ನು ನಾವು ತುಂಬಿಸುವುದು ಪೋಸ್ಟಿಂಗ್‌ನ ಕೊನೆಯ ಮಧ್ಯಾಹ್ನ, ಹಳೆಯ ಬ್ಯಾಚಿನವರ ಪುಸ್ತಕ ನೋಡಿಕೊಂಡು. ಸಹಿ ಹಾಕುವವರು ಓದುವುದಿಲ್ಲ, ಅವರಿಗೆ ಓ.ಪಿ.ಡಿ.ಯಲ್ಲಿ ಅರವತ್ತು ಮಕ್ಕಳು ಕಾಯುತ್ತಿರುತ್ತಾರೆ. ಅವರನ್ನು ನಾನು ದೂರುತ್ತಿಲ್ಲ. ಹತ್ತು ವಾರಗಳ ಪೋಸ್ಟಿಂಗ್‌ನಲ್ಲಿ ಐವತ್ತು ಮಕ್ಕಳ ಹೊಟ್ಟೆ ಮುಟ್ಟುವ ಬದಲು ಐದು ಮಕ್ಕಳ ಜೊತೆ ಪೂರ್ತಿ ಇರಲು ನಮಗೆ ಬಿಡಿ ಎಂದಷ್ಟೇ ಕೇಳುತ್ತಿದ್ದೇನೆ. ವಿದ್ಯಾರ್ಥಿ ತನ್ನ ಪಾಲಿನ ಮಗುವಿನ ತಂದೆಯ ಜೊತೆ ಫಾರ್ಮಸಿಯ ಸಾಲಿನಲ್ಲಿ ನಿಲ್ಲಲಿ, ಬಿ.ಪಿ.ಎಲ್. ಕಾರ್ಡಿನ ನಕಲು ಯಾವ ಕೌಂಟರಿನಲ್ಲಿ ಕೊಡಬೇಕೆಂದು ಹುಡುಕಲಿ, ಚುಚ್ಚುಮದ್ದುಗಳ ವಿವರವಿರುವ 'ತಾಯಿ ಕಾರ್ಡ್' ತೆಗೆದು ಯಾವ ಚುಚ್ಚುಮದ್ದು ಯಾಕೆ ತಪ್ಪಿತೆಂದು ಕೇಳಿ ತಿಳಿಯಲಿ, ಒಂದು ರಾತ್ರಿ ವಾರ್ಡಿನಲ್ಲಿ ಕಳೆಯಲಿ. ರಾತ್ರಿ ಎರಡು ಗಂಟೆಗೆ ಉಬ್ಬಸದ ಮಗು ಹೇಗೆ ಉಸಿರೆಳೆಯುತ್ತದೆಂಬುದನ್ನು ಬೆಳಗಿನ ಹತ್ತರ ರೌಂಡ್ಸ್‌ನಲ್ಲಿ ಯಾವ ಪ್ರೊಫೆಸರರೂ ತೋರಿಸಲಾರರು.

ಹೀಗೆ ಮಾಡಿದರೆ ಎಲ್ಲರಿಗೂ ಎಲ್ಲ ಬಗೆಯ ಕಾಯಿಲೆ ನೋಡಲು ಸಿಗುವುದಿಲ್ಲ ಎಂಬ ಆಕ್ಷೇಪ ಬರುತ್ತದೆಂದು ಬಲ್ಲೆ. ಈಗಲೂ ಸಿಗುತ್ತಿಲ್ಲ. ಹಿಂದಿನ ಸಾಲಿನಲ್ಲಿ ನಿಂತವರಿಗೆ ಸಿಗುವುದು ಮುಂದಿನವರ ಬೆನ್ನು. ಸೀಟುಗಳ ಸಂಖ್ಯೆ ಏರುತ್ತಲೇ ಹೋಗಿ ಮಂಚಗಳ ಸಂಖ್ಯೆ ಅದೇ ವೇಗದಲ್ಲಿ ಏರದಿದ್ದಾಗ ಏನು ಮಾಡಬೇಕೆಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನೀವು. ಅದರ ಭಾರವನ್ನು ನಾಲ್ಕು ವರ್ಷದ ಮಗುವಿನ ಎದೆಯ ಮೇಲೆ ಇಳಿಸಬಾರದು.

ಮುಂದಿನ ತಿಂಗಳು ಎರಡನೆಯ ವರ್ಷದ ಹೊಸ ಬ್ಯಾಚು ಮಕ್ಕಳ ವಾರ್ಡಿಗೆ ಬರಲಿದೆ. ನಿಮ್ಮ ಆದೇಶಕ್ಕೆ ಕಾಯದೆ, ಅಂದು ಹುಡುಗನ ಪಾದ ಮುಟ್ಟಿ ನೋಡಿದ ಅದೇ ಸಿಸ್ಟರ್ ಮತ್ತು ನಾನು, ರಾತ್ರಿ ಪಾಳಿಗಳಲ್ಲಿ ಬಿಡುವಾದಾಗ ಕುಳಿತು, ಕನ್ನಡ ಲಿಪಿಯಲ್ಲಿ ನಲವತ್ತಾರು ತುಳು ಪ್ರಶ್ನೆಗಳನ್ನೂ ಅವುಗಳಿಗೆ ಸಾಮಾನ್ಯವಾಗಿ ಬರುವ ಉತ್ತರಗಳನ್ನೂ ಒಂದು ನೂರು ಪುಟದ ಪುಸ್ತಕದಲ್ಲಿ ಬರೆದಿದ್ದೇವೆ. 'ಬಾಲೆ ಪೇರ್ ಪರ್ಪುಂಡಾ?', ಅಂದರೆ ಮಗು ಹಾಲು ಕುಡಿಯುತ್ತದೆಯೇ, ಎಂಬುದು ಮೊದಲನೆಯದು. 'ದುಂಬು ಇತ್ತಿಲೆಕ ಇಜ್ಜಿ' ಎಂಬುದರ ಕೆಳಗೆ ಸಿಸ್ಟರ್ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದಾರೆ. ಅದರ ಒಂದು ಜೆರಾಕ್ಸ್ ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಬ್ಯಾರಿ ಭಾಷೆಯ ಪುಟಗಳು ಇನ್ನೂ ಅರ್ಧದಲ್ಲಿವೆ. ಅದನ್ನು ಬರೆಸುತ್ತಿದ್ದ ಆಯಾ ಅಕ್ಕ ರಜೆಯಲ್ಲಿದ್ದಾರೆ.

ತಮ್ಮ ವಿಶ್ವಾಸಿ,
ಒಬ್ಬ ಹೌಸ್ ಸರ್ಜನ್
ಮಂಗಳೂರು